ನಾಲ್ಕು ಮಗ್ಗ ನಿಂತ ಮೇಲೆ

ಆ ಹುಡುಗಿಯ ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. ಅಣ್ಣನ ಮಗಳ ಮದುವೆಗೆ ಸೀರೆ ನೋಡಲು ನಾನು ಹೋಗಿದ್ದ ದೊಡ್ಡಬಳ್ಳಾಪುರದ ಆ ಮನೆಯೊಳಗೇ ನಾಲ್ಕು ಕರೆಂಟು ಮಗ್ಗಗಳು ಧಡಧಡ ಓಡುತ್ತಿದ್ದವು.

ಅವಳನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಹತ್ತಾರು ಜನರನ್ನು ಒಂದೇ ಮನೆಯಲ್ಲಿ ಕೂಡಿಹಾಕುವ ಟಿ.ವಿ. ಶೋನಲ್ಲಿ ಸದಾ ಕಿರುಚುತ್ತಾಳೆಂದು ಜನ 'ಬಜಾರಿ' ಎಂದು ಕರೆದದ್ದು ಇವಳನ್ನೇ. ವೋಟು ಬೀಳದೆ ಹೊರಬಂದಿದ್ದಳು. ಅಲ್ಲಿ ಜಗಳವಾಡಿದ್ದೂ ಉಂಟು. ಆದರೆ ಅವಳು ಉಪ್ಪು ಕೇಳಿದರೂ ನಮಗೆ ಅದು ಜಗಳದಂತೆಯೇ ಕೇಳುತ್ತಿತ್ತು.

"ಕಾಫಿ ಕುಡೀತೀರೇನಮ್ಮಾ?" ಎಂದು ಅವಳ ತಾಯಿ ನನ್ನ ಪಕ್ಕದಲ್ಲೇ ನಿಂತು ಕೂಗಿದರು. ನಾನು ಬೆಚ್ಚಿದ್ದನ್ನು ಕಂಡು ನಕ್ಕರು. "ಏನ್ ಮಾಡೋದು? ಮಗ್ಗದ ಮನೇಲಿ ಮೆತ್ತಗೆ ಮಾತಾಡಿದ್ರೆ ಯಾರಿಗ್ ಕೇಳ್ಸುತ್ತೆ?"

ಮಗಳು ಮತ್ತೆ ಏನೋ ಹೇಳಿದಳು. ಮಗ್ಗದ ಮುಂದಿದ್ದ ತಂದೆ ಕಿವಿಗೆ ಕೈಯಿಟ್ಟು, "ಏನಮ್ಮಾ? ಜೋರಾಗ್ ಹೇಳು!" ಎಂದರು. ಅವಳು ದನಿ ಏರಿಸಲಿಲ್ಲ. ಕೊನೆಗೆ ಅವರೇ ಒಂದೊಂದಾಗಿ ನಾಲ್ಕೂ ಮಗ್ಗ ನಿಲ್ಲಿಸಿದರು.

"ಊಟಕ್ ಬಾ ಅಪ್ಪ, ಅಂದೆ" ಎಂದಳು, ಪಿಸುದನಿಯಲ್ಲಿ.

"ಅಲ್ಲಿಂದ ಬಂದ್ಮೇಲೆ ಹಿಂಗೇ" ಎಂದರು ತಾಯಿ. ಮಗ್ಗ ನಿಂತಿದ್ದರೂ ಅವರು ಕೂಗಿಯೇ ಹೇಳಿದರು. ಮಗಳು ತಲೆ ತಗ್ಗಿಸಿ ಒಳಗೆ ಹೋದಳು.

ಅವರಲ್ಲಿ ಕೊಂಡ ಸೀರೆ ಮದುವೆಯಲ್ಲಿ ಎಲ್ಲರಿಗೂ ಹಿಡಿಸಿತು. ಎಲ್ಲಿ ತಂದಿರಿ ಎಂದವರಿಗೆ ಊರಿನ ಹೆಸರು ಹೇಳಿದೆ, ಮನೆಯ ಗುರುತು ಹೇಳಲಿಲ್ಲ. "ಓ, ಆ ಬಜಾರಿ ಮನೇನಾ?" ಎಂದು ಯಾರಾದರೂ ನಕ್ಕರೆ ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.