ಪುರೋಹಿತರ ಈಡುಗಾಯಿ

ಅಗ್ರಹಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪುರೋಹಿತರ ಪ್ರಕಾರ ಮನುಷ್ಯನಿಗೆ ಕೋಟಿಗಟ್ಟಲೆ ವರ್ಷ ವಯಸ್ಸು. ದಿನಾ ಸಂಕಲ್ಪದಲ್ಲಿ ಕಲ್ಪ, ಮನ್ವಂತರ, ಯುಗಗಳನ್ನೆಲ್ಲ ದಾಟಿ ಅವತ್ತಿನ ತಿಥಿಗೆ ಬಂದಿಳಿಯುತ್ತಿದ್ದರು. ಪಳೆಯುಳಿಕೆಗಳು ಹೇಳುವುದು ಎರಡು ಮೂರು ಲಕ್ಷ ವರ್ಷ ಅಷ್ಟೇ ಎಂದು ನಾನು ವಾದಿಸಿದರೆ ಮುಖ ಸಣ್ಣಗೆ ಮಾಡಿಕೊಂಡು, "ಅಷ್ಟೇನಾ? ನಿಮ್ಮ ವಿಜ್ಞಾನ ಬಲು ಜಿಪುಣ ಕಣೋ" ಎನ್ನುತ್ತಿದ್ದರು.

ಅಂತರಕಾಲೇಜು ಚರ್ಚಾಸ್ಪರ್ಧೆಯ ಫೈನಲ್‌ಗೆ ಇದೇ ವಿಷಯ ಬಂತು. ವಾರವಿಡೀ ಸಂಜೆ ಜಗುಲಿಯ ಮೇಲೆ ಅವರೇ ನನ್ನ ಎದುರಾಳಿ. ನಾನು ಕಿರುಚಿದರೆ ಸಾಕು, "ದನಿ ಬೇಡ, ಸಾಕ್ಷಿ ಕೊಡು" ಎಂದು ಗದರುತ್ತಿದ್ದರು.

ನಾನು ಗೆದ್ದು ಕಪ್ ಹಿಡಿದು ಬರುವಾಗ, ಸುದ್ದಿ ಮೊದಲೇ ಮುಟ್ಟಿದ್ದ ಪುರೋಹಿತರು ಬೀದಿ ಕೊನೆಯ ಗಣಪತಿ ಗುಡಿಯ ಮುಂದೆ ಈಡುಗಾಯಿ ಒಡೆಯುತ್ತಿದ್ದರು.

"ನೀನು ಗೆಲ್ಲಲಿ ಅಂತ ಹರಕೆ ಹೊತ್ತಿದ್ದೆ ಕಣೋ."

"ನಾನು ಗೆದ್ರೆ ನಿಮ್ಮ ಮನ್ವಂತರ ಸೋತ ಹಾಗಲ್ವಾ ಸ್ವಾಮಿ?"

"ಅದು ತಡ್ಕೊಳತ್ತೆ, ಅದಕ್ಕೆ ವಯಸ್ಸಾಗಿದೆ. ಸೋತಿದ್ರೆ ನೀನು ತಡ್ಕೊತಿರ್ಲಿಲ್ಲ" ಎನ್ನುತ್ತಾ ಚೂರೊಂದನ್ನು ಆರಿಸಿ, ಮಣ್ಣು ಒರೆಸಿ ಕೊಟ್ಟರು.

ನಾನು ಗೆದ್ದದ್ದು ಗಣಪತಿಯಿಂದಲೇ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಬಹುದಿತ್ತು. ಆದರೆ ಬಾಯಿ ತುಂಬ ಕಾಯಿ ಇತ್ತು.