ಕಾದ ಪರಸಿಯ ಮೇಲೆ ನೀರು

ಬೇಸಿಗೆಯಲ್ಲಿ ಕಲಬುರಗಿಯವರು ಆಡಿದ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಏಪ್ರಿಲ್ ಅರ್ಧ ಕಳೆಯಿತೆಂದರೆ ಜಗತ್ ಸರ್ಕಲ್‌ನಲ್ಲಿ ಆಟೊದ ಕನ್ನಡಿಗೆ ಬೈಕಿನ ಹ್ಯಾಂಡಲ್ ತಾಗಿದರೂ ಸಾಕು, ಇಬ್ಬರ ಏಳು ತಲೆಮಾರಿನವರೂ ಎದ್ದು ರಸ್ತೆಗೆ ಬರುತ್ತಾರೆ. ಚಳಿಗಾಲದಲ್ಲಾದರೆ ಅದೇ ಇಬ್ಬರು “ಇರ್ಲಿ ಬಿಡ್ರಿ” ಎಂದು ಹೋಗಿರುತ್ತಾರೆ. ಸರಕಾರಕ್ಕೂ ಇದು ಗೊತ್ತಿದೆ. ಅದಕ್ಕೇ ನಮ್ಮ ಕಡೆ ಬೇಸಿಗೆಯಲ್ಲಿ ಕಚೇರಿಗಳನ್ನು ಬೆಳಿಗ್ಗೆ ಬೇಗ ತೆರೆದು ಮಧ್ಯಾಹ್ನಕ್ಕೆ ಮುಚ್ಚಿಸುತ್ತದೆ. ನನ್ನ ಗಂಡ ಅಂಥ ಒಂದು ಕಚೇರಿಯಲ್ಲಿ ಗುಮಾಸ್ತ. ಮಧ್ಯಾಹ್ನ ಬಂದು, ಉಂಡು, ಕೂಲರ್ ಮುಂದೆ ಅಂಗಾತ ಬೀಳುವ ಭಾಗ್ಯ ಅವರದು. ಹೊಲಿಗೆ ಯಂತ್ರಕ್ಕೆ ಮಾತ್ರ ಯಾವ ಸರಕಾರವೂ ರಿಯಾಯಿತಿ ಕೊಟ್ಟಿಲ್ಲ.

ನಾನು ಬ್ರಹ್ಮಪುರದ ನಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮದುವೆಗಳೆಲ್ಲ ಮೇ ತಿಂಗಳಲ್ಲೇ ಬರುತ್ತವೆ, ಹೊಲಿಗೆಯೂ ಆಗಲೇ. ಮನೆಯ ಮೇಲೆ ಕಬ್ಬಿಣದ ತೊಲೆಗಳಿಗೆ ಅಡ್ಡಲಾಗಿ ಶಹಾಬಾದಿನ ಪರಸಿ ಕಲ್ಲು ಜೋಡಿಸಿದ ಮಾಳಿಗೆ. ಹಗಲೆಲ್ಲ ಕಾದು ಹೆಂಚಾಗುವ ಆ ಕಲ್ಲು ಸಂಜೆ ಪೂರಾ ನಮ್ಮ ತಲೆಯ ಮೇಲೆ ಆರುತ್ತಿರುತ್ತದೆ. ಕೂಲರ್ ಇರುವುದು ಒಳಕೋಣೆಯಲ್ಲಿ, ನನ್ನ ಯಂತ್ರ ಇರುವುದು ಪಡಸಾಲೆಯಲ್ಲಿ. ಫ್ಯಾನ್ ಜೋರು ಮಾಡಿದರೆ ಲೈನಿಂಗ್ ಬಟ್ಟೆ ಹಾರುತ್ತದೆಂದು ಅದನ್ನೂ ಆರಿಸಿ ಕೂರುತ್ತೇನೆ. ಬೆವರು ರೇಷ್ಮೆಯ ಮೇಲೆ ಬೀಳದಂತೆ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಹೊಲಿಯುವವಳ ಬಾಯಿಂದ ಮುತ್ತು ಉದುರುತ್ತವೆಯೇ? ಬೈಗುಳವೇ ಬರುತ್ತಿತ್ತು. ಗಂಡನ ಮೇಲಿನದು, ಗಿರಾಕಿಗಳ ಮೇಲಿನದು, ಕರೆಂಟಿನ ಮೇಲಿನದು ಎಲ್ಲ ಸೇರಿ ಮಗಳ ಮೇಲೆ ಹೋಗುತ್ತಿತ್ತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ. ಒಮ್ಮೊಮ್ಮೆ ಕೈಯೂ ಏಳುತ್ತಿತ್ತು. ರೋಜಾ ಬಡಾವಣೆಯಿಂದ ಬಟ್ಟೆ ಕೊಡಲು ಬರುವ ಒಬ್ಬ ಹೆಂಗಸು ನನ್ನ ಪರವಾಗಿ ಹೇಳುತ್ತಿದ್ದಳು: “ಜಾನೆ ದ್ಯೋ ಬೇಟಿ, ನಿಮ್ಮವ್ವಂದೇನು ತಪ್ಪಿಲ್ಲ. ಈ ಗರ್ಮ್ಯಾಗ ಎಂಥವರದೂ ದಿಮಾಗ್ ಖರಾಬ್ ಆಗ್ತದ.” ಅವಳ ಬ್ಲೌಸನ್ನು ನಾನು ಯಾವತ್ತೂ ತಡ ಮಾಡಿದ್ದಿಲ್ಲ.

ಇರುವವಳು ಒಬ್ಬಳೇ ಮಗಳು. ಆ ವರ್ಷ ಐದನೆಯ ತರಗತಿ ಮುಗಿಸಿದ್ದಳು. ಪರೀಕ್ಷೆ ಮುಗಿದದ್ದೇ ತಡ, ಎಂದಿನಂತೆ ಕಮಲಾಪುರಕ್ಕೆ ಕಾಕುವಿನ ಮನೆಗೆ ಓಡಿದಳು. ಕಾಕು ಎಂದರೆ ನನ್ನ ಮೈದುನನ ಹೆಂಡತಿ, ಅಲ್ಲಿನ ಶಾಲೆಯೊಂದರಲ್ಲಿ ಶಿಕ್ಷಕಿ. ಇಬ್ಬರು ಗಂಡುಮಕ್ಕಳ ತಾಯಿ. ಹೆಣ್ಣಿಲ್ಲ ಎಂಬ ಕೊರಗನ್ನು ನನ್ನ ಮಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಕಮಲಾಪುರದ ಬಿಸಿಲೂ ಬಿಸಿಲೇ. ಒಂದು ಗಂಟೆಯ ಬಸ್ ದಾರಿಗೆ ಸೂರ್ಯನೇನು ಬದಲಾಗುವುದಿಲ್ಲ. ಆದರೆ ಅವರದು ಹಳೆಯ ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಅಂಗಳದಲ್ಲಿ ಬೇವಿನ ಮರ, ಹಿತ್ತಿಲಾಚೆ ಕೆಂಪು ಬಾಳೆಯ ತೋಟ. ನಡುಮಧ್ಯಾಹ್ನ ಒಳಗೆ ಕಾಲಿಟ್ಟರೂ ನೆಲ ತಣ್ಣಗಿರುತ್ತದೆ. ಅಂಥ ಮನೆಯಲ್ಲಿ ಕುಳಿತು ಯಾರು ಬೇಕಾದರೂ ನಗಬಹುದು. ಕಾಕು ನಗುತ್ತಾಳೆ. ಹುಡುಗರು ನೀರಿನ ಗಡಿಗೆ ಒಡೆದರೂ ನಗುತ್ತಾಳೆ, ಎಮ್ಮೆ ಹಾಲು ಕೊಡದಿದ್ದರೂ ನಗುತ್ತಾಳೆ. ಆ ನಗು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ. ಅವಳ ಸಂಬಳಕ್ಕಾಗಲಿ ಬಂಗಾರಕ್ಕಾಗಲಿ ನಾನು ಕರುಬಿದವಳಲ್ಲ, ಆ ನಗುವಿಗೆ ಮಾತ್ರ ಕರುಬಿದೆ.

ಮೇ ತಿಂಗಳ ಮೊದಲಿಗೆ ಮಗಳು ತಿರುಗಿ ಬಂದಾಗ ತಲೆಯಲ್ಲಿ ನಾಲ್ಕೆಳೆಯ ಜಡೆ ಇತ್ತು. ನನಗೆ ಬರುವುದು ಮೂರೆಳೆಯದು. ಬಿಚ್ಚಿ ಬಾಚುತ್ತೇನೆಂದರೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿದಳು.

“ಕಾಕು ಹಾಕ್ಯಾಳ. ನೀ ಬಿಚ್ಚಿದ್ರ ಮತ್ತ ಹಾಕ್ಲಿಕ್ಕಿ ನಿನಗ ಬರಂಗಿಲ್ಲ.”

ಜಡೆ ಕಾಗೆಗೂಡಾಗುವ ತನಕ ಹಾಗೇ ಮಲಗಿ ಎದ್ದಳು. ನಾನು ಹೆತ್ತ ಮಗಳ ತಲೆಗೆ ನನ್ನ ಬಾಚಣಿಗೆ ಬೇಡವಾಗಿತ್ತು. ಅದೇ ವಾರ ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪನ ಮುಖ ನೋಡಿಕೊಂಡು ಹೇಳಿದಳು: “ಆರನೇತ್ತ ನಾ ಕಮಲಾಪುರದಾಗ ಓದ್ತೀನಿ. ಕಾಕು ಸಾಲ್ಯಾಗ. ಅಲ್ಲೇ ಇರ್ತೀನಿ.”

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. “ಯಾಕ? ಇಲ್ಲೇನ್ ಕಡಿಮಿ ಆಗ್ಯಾದ ನಿನಗ?”

“ಕಾಕು ಬೈಯಂಗಿಲ್ಲ.”

ಗಂಡ “ನೋಡೋಣ ತಗೋ” ಎಂದರು. ಅವರ ‘ನೋಡೋಣ’ ಎಂದರೆ ಮುಕ್ಕಾಲು ಪಾಲು ಒಪ್ಪಿಗೆ. ನನಗೆ ಒಲೆಯ ಉರಿಯೂ ಕಾಣದಂತಾಯಿತು. “ಆಕಿ ಯಾಕ ಬೈತಾಳ? ಬೇವಿನ ಗಿಡದ ನೆಳ್ಳಾಗ ಕುಂತಾಳ. ಈ ಪರಸಿ ಕೆಳಗ ಎಂಟ್ ದಿನ ಇರ್ಲಿ, ಆಮ್ಯಾಲ ನೋಡು ಆಕಿ ಬಾಯಿ!” ಎಂದೆ.

ನನ್ನ ಬಾಯಿಂದ ದೇವರೇ ನುಡಿಸಿದ್ದಿರಬೇಕು. ಕೆಲವೇ ದಿನಗಳಲ್ಲಿ ಕಾಕುವಿನ ಫೋನ್ ಬಂತು. ಕಲಬುರಗಿಯಲ್ಲಿ ಶಿಕ್ಷಕರಿಗೆ ಏನೋ ತರಬೇತಿಯಂತೆ, ಒಂದು ವಾರ ನಮ್ಮಲ್ಲೇ ಇರುತ್ತಾಳಂತೆ. “ತ್ರಾಸ ಆಗಂಗಿಲ್ಲಲ್ರಿ ಅಕ್ಕಾ?” ಎಂದು ಕೇಳಿದಳು. “ಬಾರವ್ವಾ, ನಿಂದೇ ಮನಿ” ಎಂದೆ. ಅಷ್ಟು ಮನಸಾರೆ ನಾನು ಯಾರನ್ನೂ ಕರೆದದ್ದಿಲ್ಲ.

ಅವಳು ಬರುವ ಮೊದಲೇ ಒಂದು ನಿಶ್ಚಯ ಮಾಡಿದ್ದೆ. ಆ ವಾರ ಪೂರ್ತಿ ನಾನು ಬಾಯಿಗೆ ಬೀಗ ಹಾಕಬೇಕು. ಅವಳು ಸಿಡಿಯಬೇಕು, ನಾನು ತಣ್ಣಗಿರಬೇಕು. ಮಗಳು ಎರಡನ್ನೂ ಒಂದೇ ಮಾಳಿಗೆಯ ಕೆಳಗೆ ಕಣ್ಣಾರೆ ನೋಡಬೇಕು.

ಕಾಕು ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತುಕೊಂಡು ಬಂದಳು. ದಿನವೂ ತರಬೇತಿ ಮುಗಿಸಿ ಸುಡುಬಿಸಿಲಲ್ಲಿ ಜಗತ್‌ನಿಂದ ನಡೆದು ಬರುತ್ತಿದ್ದಳು. ಮುಖ ಕೆಂಪಾಗಿರುತ್ತಿತ್ತು, ಕೂದಲು ಹಣೆಗೆ ಅಂಟಿರುತ್ತಿತ್ತು. ಈಗ ಸಿಡುಕುತ್ತಾಳೆ, ಇನ್ನೇನು ಸಿಡುಕುತ್ತಾಳೆ ಎಂದು ಒಲೆಯ ಮೇಲಿನ ಹಾಲನ್ನು ಕಾದಂತೆ ಅವಳ ಮುಖ ಕಾಯುತ್ತಿದ್ದೆ. ಅವಳು ಒಂದು ತಂಬಿಗೆ ಮಜ್ಜಿಗೆ ಕುಡಿದು, ಸೆರಗಿನಿಂದ ಗಾಳಿ ಹಾಕಿಕೊಂಡು, “ಏನ್ ಬಿಸಲ್ರಿ ಯಕ್ಕಾ ನಿಮ್ಮೂರಾಗ!” ಎಂದು ನಗುತ್ತಿದ್ದಳು. ಕೂಲರ್ ಇದ್ದ ಕೋಣೆಗೂ ಹೋಗದೆ ನನ್ನ ಪಕ್ಕದಲ್ಲೇ ಕುಳಿತು ಬ್ಲೌಸುಗಳಿಗೆ ಹುಕ್ಕು ಹಚ್ಚಿಕೊಡುತ್ತಿದ್ದಳು. ಅವಳ ಕೈಕೆಲಸವೂ ಚೊಕ್ಕಟ. ಅದಕ್ಕೂ ನನಗೆ ಸಂಕಟವಾಯಿತು.

ನನ್ನ ಪಾಡು ಯಾರಿಗೂ ಬೇಡ. ಮಗಳು ದಾರದ ಉಂಡೆ ಸಿಕ್ಕು ಮಾಡಿದಳು, ಉಗುಳು ನುಂಗಿದೆ. ಸೀಮೆಸುಣ್ಣ ತುಳಿದು ಪುಡಿ ಮಾಡಿದಳು, “ಇರ್ಲಿ ಬಿಡು ಕೂಸಾ” ಎಂದೆ. ಗಂಡ ಒಳಗಿನಿಂದ ಎದ್ದು ಬಂದು ನನ್ನ ಹಣೆ ಮುಟ್ಟಿ, “ಆರಾಮ ಇಲ್ಲೇನು ನಿನಗ?” ಎಂದು ಕೇಳಿದರು.

ಇಲ್ಲಿ ನಮ್ಮ ಓಣಿಯ ಒಂದು ಪದ್ಧತಿ ಹೇಳಬೇಕು. ಪರಸಿ ಮಾಳಿಗೆಗೆ ಬೇಸಿಗೆಯಲ್ಲಿ ನೀರು ಹೊಡೆಯುತ್ತೇವೆ, ಆದರೆ ಹೊತ್ತು ಮುಳುಗಿದ ಮೇಲೆ. ಮೊದಲು ಕಲ್ಲಿನ ಮೇಲೆ ಬರಿಗಾಲು ಇಟ್ಟು ನೋಡಬೇಕು. ಕಾಲು ನಿಂತರೆ ನೀರು, ನಿಲ್ಲದಿದ್ದರೆ ಕಾಯಬೇಕು. ಕಾದ ಕಲ್ಲಿಗೆ ನೀರು ಬಿದ್ದರೆ ಕಾವು ಉಗಿಯಾಗಿ ಸಂದಿಗುಂಟ ಕೆಳಗಿಳಿಯುತ್ತದೆ, ಮನೆ ಇಡ್ಲಿ ಪಾತ್ರೆಯಾಗುತ್ತದೆ. ಬ್ರಹ್ಮಪುರದ ಮಕ್ಕಳಿಗೂ ಇದು ಗೊತ್ತು. ಆದರೆ ಮಣ್ಣಿನ ಮಾಳಿಗೆಗೆ ಯಾರೂ ನೀರು ಹೊಡೆಯುವುದಿಲ್ಲ. ಕಾಕುವಿಗೆ ಹೇಗೆ ಗೊತ್ತಿರಬೇಕು? ಸಂಜೆ ನಾವು ನೀರು ಹೊಡೆಯುವುದನ್ನಷ್ಟೇ ಅವಳು ನೋಡಿದ್ದಳು.

ಅವಳು ಹೊರಡುವ ಮುಂಚಿನ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ನಾನು ಒಬ್ಬ ಮದುಮಗಳ ಬ್ಲೌಸಿಗೆ ಕತ್ತರಿ ಹಾಕುತ್ತಿದ್ದೆ. ಆಚೆ ಈಚೆ ನೋಡುವ ಹಾಗಿರಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಚುಂಯ್ ಎಂಬ ಸದ್ದು ಕೇಳಿತು. ಮತ್ತೊಂದು ಸಲ, ಮಗದೊಂದು ಸಲ. ಮಗಳಿಗೆ ಪದ್ಧತಿ ಗೊತ್ತಿದ್ದರೂ ಕಾಕು ಹೇಳಿದ ಮೇಲೆ ಅವಳಿಗೆ ಬೇರೆ ವೇದವಿಲ್ಲ. ನನಗೆ ತಂಪಾಗಲಿ ಎಂದು ಇಬ್ಬರೂ ಸೇರಿ ಕುದಿಯುವ ಕಲ್ಲಿಗೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತಿದ್ದರು.

ಉಗಿ ಇಳಿಯಿತು. ಗೋಡೆಗಳು ಬೆವರಿದವು. ಗಂಡ ಒದ್ದೆ ಬನಿಯನ್ನಿನಲ್ಲಿ ಹೊರಗೆ ಬಂದು ಕಣ್ಣು ಕಣ್ಣು ಬಿಟ್ಟರು. ನಾನು ರೇಷ್ಮೆಯನ್ನು ಟ್ರಂಕಿಗೆ ತುಂಬಿ, ಹಲ್ಲು ಕಚ್ಚಿ ಸುಮ್ಮನೆ ಕುಳಿತೆ. ಕಾಕು ಕೆಳಗೆ ಬಂದು ಕಂಬಕ್ಕೆ ಒರಗಿದಳು. ಉಸಿರು ಎಳೆಯಲಾಗುತ್ತಿರಲಿಲ್ಲ ಅವಳಿಗೆ. ಮಗಳು ಉಳಿದ ನೀರಿನ ಬಕೆಟ್ ಹಿಡಿದು ಅವಸರದಲ್ಲಿ ಮೆಟ್ಟಿಲಿಳಿಯುತ್ತ ಜಾರಿದಳು. ನೀರೆಲ್ಲ ಕಾಕು ಮರುದಿನಕ್ಕೆಂದು ಇಸ್ತ್ರಿ ಮಾಡಿಟ್ಟ ಸೀರೆಯ ಮೇಲೆ ಹೋಯಿತು.

“ಕಣ್ಣ್ ನೆತ್ತಿ ಮ್ಯಾಲ ಅದಾವೇನ್ ನಿನಗ!”

ಚಟಾರ್ ಎಂದು ಮಗಳ ಕೆನ್ನೆಗೆ ಬಿತ್ತು. ಹೊಡೆದವಳು ಕಾಕು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಗಳಿಗೆ ಪೆಟ್ಟು ಬಿದ್ದಾಗ ತಾಯಿಗೆ ಹಾಗಾಗಬಾರದು, ನಿಜ. ಆಯಿತು. ಈಗ ಮಗಳು ಅಳುತ್ತ ನನ್ನ ಕಡೆ ಓಡಿ ಬರುತ್ತಾಳೆ ಎಂದು ತೊಡೆಯ ಮೇಲಿನ ಚಿಂದಿಗಳನ್ನು ಕೊಡವಿ ಜಾಗ ಮಾಡಿಕೊಂಡೆ.

ಮಗಳು ಕೆನ್ನೆ ಸವರಿಕೊಂಡು ಕಾಕುವನ್ನೇ ನೋಡಿದಳು. ಕಾಕು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಮಗಳು ಗೂಟಕ್ಕಿದ್ದ ಬೀಸಣಿಗೆ ತೆಗೆದುಕೊಂಡು ಹೋಗಿ ಅವಳ ಮುಖಕ್ಕೆ ಗಾಳಿ ಹಾಕತೊಡಗಿದಳು.

“ಸೆಕಿಗಿ ಹಂಗ ಆಗ್ತದ ಕಾಕು. ಇರ್ಲಿ ಬಿಡು. ನೀರು ಕುಡೀತಿಯೇನು?”

ಒಂದು ವಾರ ಹಾಕಿದ್ದ ಬೀಗ ಆಗ ಮುರಿಯಿತು. “ಆಹಾ! ಆಕಿ ಹೊಡದ್ರ ಸೆಕಿ. ನಾ ಹೊಡದ್ರ? ನಾ ಏನ್ ಊಟಿಯಾಗ ಕುಂತು ಹೊಡೀತೀನೇನು? ನನಗೊಂದಿನಾರ ಗಾಳಿ ಹಾಕಿದೇನು ನೀ?”

ಮಗಳು ಬೀಸುವುದನ್ನು ನಿಲ್ಲಿಸಲಿಲ್ಲ. ಜಗಳದ ದನಿಯೂ ಅಲ್ಲ ಅವಳದು, ಮಗ್ಗಿ ಹೇಳುವಾಗಿನ ದನಿ. “ನೀ ಥಂಡ್ಯಾಗೂ ಬೈತಿ ಅಲ್ಲವ್ವ.”

ಗಂಡ ಮೆಲ್ಲಗೆ ಒಳಗೆ ಹೋದರು. ಅಷ್ಟು ವರ್ಷ ಬಿಸಿಲಿನ ತಲೆಗೆ ಕಟ್ಟಿದ್ದನ್ನೆಲ್ಲ ಹುಡುಗಿ ಒಂದೇ ಮಾತಿನಲ್ಲಿ ತಿರುಗಿ ನನ್ನ ತಲೆಗೇ ಹಾಕಿದ್ದಳು. ಎದೆ ಉರಿದದ್ದು ಆ ಮಾತಿಗಿಂತ ಹೆಚ್ಚಾಗಿ ಬೀಸಣಿಗೆಯಿಂದ. ನಾನು ಎಷ್ಟೋ ಬೇಸಿಗೆ ಬೇಡಿದ ಮಾಫಿ ಕಾಕುವಿಗೆ ಮೊದಲ ಪೆಟ್ಟಿಗೇ ಸಿಕ್ಕಿತ್ತು.

ಕಾಕು ಕಣ್ಣೊರೆಸಿಕೊಂಡಳು. “ಸಾಲಿ ಮಾತು ಬ್ಯಾಡ್ರಿ ಅಕ್ಕಾ. ಇಲ್ಲೇ ಇರ್ಲಿ. ನನ್ನ ಕೈ ಎದ್ದದ.”

“ಇಲ್ಲ,” ಎಂದಳು ಮಗಳು. “ಮಳಿ ಬರ್ಲಿ. ಥಂಡ ಆದ ಮ್ಯಾಲೂ ಅವ್ವ ಬೈದ್ರ ನಾ ಕಮಲಾಪುರಕ್ಕ ಬರ್ತೀನಿ. ಬೈಲಿಲ್ಲಂದ್ರ ಇಲ್ಲೇ.” ನಾನು ಕಾಕುವಿಗೆ ಒಡ್ಡಿದ ಪರೀಕ್ಷೆ ಈಗ ನನ್ನ ಪಾಲಿಗೇ ಬಂದಿತ್ತು.

ಮರುದಿನ ಹೋಗುವಾಗ ಕಾಕು ತನ್ನ ಬ್ಲೌಸಿಗೆಂದು ತಿಳಿಹಳದಿಯ ಒಂದು ರೇಷ್ಮೆ ಕಣ ಕೊಟ್ಟು, “ನಿಮ್ಮ ಕೈಲೇ ಹೊಲೀರಿ. ಅವಸರಿಲ್ಲ” ಎಂದು ನಕ್ಕಳು. ಮತ್ತೆ ಆ ನಗು.

ಶಾಲೆ ಶುರುವಾಗುವ ವಾರ ರೋಹಿಣಿ ಮಳೆ ಬಂತು. ಮಧ್ಯಾಹ್ನವೇ ಕತ್ತಲಾಗಿ, ಗಾಳಿ ಎದ್ದು, ಪರಸಿಯ ಮೇಲೆ ದಪ್ಪ ಹನಿಗಳು ಬಿದ್ದವು. ಎದುರು ಮನೆಯ ಸದಾ ಸಿಡುಕುವ ಅಜ್ಜ ಕೂಡ ಬಾಗಿಲಲ್ಲಿ ನಿಂತು ದಾರಿಹೋಕರನ್ನು ಒಳಗೆ ಕರೆಯುತ್ತಿದ್ದ. ನಾನು ಪಡಸಾಲೆಯಲ್ಲಿ ಬಟ್ಟೆ ಹರವಿಕೊಂಡು ಗುರುತು ಹಾಕುತ್ತಿದ್ದೆ. ಮಳೆಯಲ್ಲಿ ಕುಣಿಯುತ್ತಿದ್ದ ಮಗಳು ಗುಡುಗಿಗೆ ಬೆದರಿ ಒಳಗೆ ಓಡಿ ಬಂದಳು. ಬಂದವಳ ಕೆಸರುಗಾಲು ನೇರವಾಗಿ ಹರವಿದ ಬಟ್ಟೆಯ ನಡುವೆ ಬಿತ್ತು.

ಅವಳು ಅಲ್ಲೇ ನಿಂತಳು. ಹೊರಗೆ ತಂಪು, ನನಗೆ ನೆವವಿರಲಿಲ್ಲ. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

ನಾನು ಬಟ್ಟೆ ನೋಡಿದೆ. ತಿಳಿಹಳದಿಯ ರೇಷ್ಮೆ. ಕಾಕುವಿನ ಕಣ. ಸಿಟ್ಟು ಬರಲಿ ಎಂದು ಕಾದರೂ ಬರಲಿಲ್ಲ. ತುಟಿಯ ಮೂಲೆಯಲ್ಲಿ ನಗು ಬಂತು.

“ಇರ್ಲಿ ಬಿಡು. ಕಾಲ್ ತೊಕ್ಕೊಂಡು ಬಾ,” ಎಂದೆ.

ಮಗಳು ಕಾಲು ತೊಳೆಯುವ ಮೊದಲೇ ಫೋನ್ ಹಿಡಿದಳು. “ಕಾಕು, ಅವ್ವ ಬೈಲೇ ಇಲ್ಲ! ಕೆಸರ ಕಾಲ್ಲೆ ಬಟ್ಟಿ ತುಳದ್ರೂ ಬೈಲಿಲ್ಲ! ನಾ ಬರಂಗಿಲ್ಲ, ಇಲ್ಲೇ ಇರ್ತೀನಿ.” ಸುದ್ದಿ ಮೊದಲು ಹೋದದ್ದು ಅಲ್ಲಿಗೇ. ಆಮೇಲೆ ಒದ್ದೆ ತಲೆಯಲ್ಲೇ ಬಂದು ನನ್ನ ಬೆನ್ನಿಗೆ ಒರಗಿ ಕುಳಿತಳು, ನಡುಗುತ್ತಿದ್ದಳು. ನಾನು ತಿರುಗಿ, ಟವೆಲ್ ಎಳೆದುಕೊಂಡು ಅವಳ ಕೂದಲು ಒರೆಸಿದೆ. ಈ ಸಲ ಅವಳು ತಲೆ ಹಿಡಿದುಕೊಂಡು ಓಡಲಿಲ್ಲ. ತುಳಿದದ್ದು ಮತ್ತೊಬ್ಬರ ಬಟ್ಟೆಯಾಗಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೆಂದು ಅವಳಿಗೆ ಹೇಳಲಿಲ್ಲ.

ಆ ರೇಷ್ಮೆಯನ್ನು ನಾನೇ ಕೂತು, ನೂಲು ಎಳೆಯದಂತೆ, ಕಲೆ ಪೂರ್ತಿ ಹೋಗುವ ತನಕ ತೊಳೆದೆ. ಕಲೆ ಉಳಿದಿದ್ದರೆ ಕಾಕು ಅದನ್ನೂ ನಗುನಗುತ್ತ ತೊಟ್ಟುಕೊಳ್ಳುತ್ತಿದ್ದಳು. ಅದನ್ನು ನೋಡುವುದು ನನಗೆ ಬೇಕಿರಲಿಲ್ಲ.