ನಾರಾಯಣಪೇಟೆಗೆ ಬಣ್ಣ ತೆಗೆಯಲು ಹೋದವಳು

ನಾರಾಯಣಪೇಟೆಯ ಬಾಡಿಗೆ ಮನೆಯಲ್ಲಿ ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ, ಮೆಟ್ಟಿಲ ಕೆಳಗಿನ ಚರಂಡಿಯಲ್ಲಿ ಕಡುಗೆಂಪು ನೀರು ಹರಿಯುತ್ತಿತ್ತು. ಯಾರಿಗೋ ಏನೋ ಆಗಿದೆ ಎಂದು ಕೂಗಿಕೊಂಡೆ. ಮನೆಯ ಮಾಲಕಿ ಮಹಾದೇವಮ್ಮ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದು, ಚರಂಡಿಯನ್ನೂ ನನ್ನನ್ನೂ ಒಮ್ಮೆ ನೋಡಿದರು. "ಏನಾಗಿಲ್ರಿ. ನಮ್ಮ ಮೈದುನ ಸೀರಿ ನೂಲಿಗೆ ಬಣ್ಣ ಹಾಕ್ಯಾನ. ನೀವು ಮುಖ ತೊಳ್ಕೋರಿ" ಎಂದು ಒಳಗೆ ಹೋದರು.

ನಾನು ಮೈಸೂರಿನಿಂದ ಇಷ್ಟು ದೂರ ಬಂದಿದ್ದೇ ಆ ಕೆಂಪಿಗಾಗಿ. ರಾಯಚೂರಿನ ತನಕ ರೈಲು, ಅಲ್ಲಿಂದ ಮಕ್ತಲ್‌ಗೆ ಬಸ್ಸು, ಮಕ್ತಲ್‌ನ ಬಿಸಿಲಲ್ಲಿ ನಿಂತು ಮತ್ತೊಂದು ಬಸ್ಸು. ನನ್ನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಕಪ್ಪು ಪುಡಿಯಿತ್ತು. ಶೇಂಗಾ ಸಿಪ್ಪೆಯನ್ನು ಸುಟ್ಟು ಇದ್ದಿಲು ಮಾಡಿ, ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಕೂರಿಸಿದ ಪುಡಿ ಅದು. ಬಣ್ಣದ ನೀರಿಗೆ ಹಾಕಿ ಕಲಕಿದರೆ ಬಣ್ಣವೆಲ್ಲ ಪುಡಿಯ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಅಯಸ್ಕಾಂತ ಹಿಡಿದರೆ ಪುಡಿ ಒಂದು ಕಡೆ ಸೇರಿ, ತಿಳಿನೀರು ಉಳಿಯುತ್ತದೆ. ಮೈಸೂರಿನ ಪ್ರಯೋಗಾಲಯದಲ್ಲಿ ಇದು ಗಾಜಿನ ಲೋಟದಲ್ಲಿ ಚೆನ್ನಾಗಿಯೇ ನಡೆದಿತ್ತು. ಬೀದಿಯಲ್ಲಿ ನಡೆಯುತ್ತದೆಯೇ ಎಂದು ನೋಡಿಕೊಂಡು ಬಾ ಎಂದು ನಮ್ಮ ಮಾರ್ಗದರ್ಶಕರು ನನ್ನನ್ನು ಅಟ್ಟಿದ್ದರು.

ತೆಲಂಗಾಣವಲ್ಲವೇ ಎಂದುಕೊಂಡು ರೈಲಿನಲ್ಲಿ ಕೂತು ತೆಲುಗು ಉರು ಹೊಡೆದಿದ್ದೆ. ಬಂದಿಳಿದ ಸಂಜೆಯೇ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಹಾದೇವಮ್ಮನನ್ನು ತೆಲುಗಿನಲ್ಲಿ ಕೇಳಿದರೆ, ಆಕೆ ಮರುಕದಿಂದ, "ಪಾಪ, ನಿಮಗ ಕನ್ನಡ ಬರಂಗಿಲ್ಲೇನ್ರಿ?" ಎಂದರು. ಸರಿ, ಕನ್ನಡದಲ್ಲೇ ಮಾತಾಡಿದೆ. "ಸ್ವಲ್ಪ ತಡವಾಗಿ ಕೊಡ್ತೀನಿ, ಬಾಡಿಗೇನ" ಎಂದೆ. "ಕಿರಾಯೇನ್ರಿ? ಜರಾ ಜಲ್ದಿ ಕೊಡ್ರಿ" ಎಂದರು. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ, ಕಚೇರಿಯಲ್ಲಿ ತೆಲುಗಿನಲ್ಲಿ ಕೇಳಿದರೆ ಅರ್ಧ ಉರ್ದುವಿನಲ್ಲಿ ಉತ್ತರ. ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಮೈಸೂರಿನಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ ಎಂದು ಬೀಗುತ್ತಿದ್ದವಳಿಗೆ ಇಲ್ಲಿ ಉಪ್ಪು ಕೊಳ್ಳಲೂ ಕೈಸನ್ನೆ ಬೇಕಾಯಿತು.

ಊಟದ್ದು ಇನ್ನೊಂದು ಕಥೆ. ನಮ್ಮಲ್ಲಿ ಅನ್ನವಿಲ್ಲದೆ ಊಟವಿಲ್ಲ, ಇಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ. ಹುಳಿಸೊಪ್ಪಿಗೆ ಪಕ್ಕದ ಮನೆಯವರು ಗೋಂಗೂರ ಎಂದರೆ ಮಹಾದೇವಮ್ಮ ಪುಂಡಿಪಲ್ಯ ಎನ್ನುತ್ತಾರೆ. ಖಾರ ಮಾತ್ರ ಎರಡೂ ಮನೆಯಲ್ಲಿ ಒಂದೇ. ಫಿಲ್ಟರ್ ಕಾಫಿಗೆ ಹಂಬಲಿಸಿ ಊರೆಲ್ಲ ಸುತ್ತಿ ಸಕ್ಕರೆ ಪಾಕದಂಥ ಚಹಾ ಕುಡಿದು ಬಂದ ಸಂಜೆ ನಿಜಕ್ಕೂ ಅಳು ಬಂತು. ಒಬ್ಬಳೇ ಕೂತು ಅತ್ತೆ. ಮರುದಿನ ಪುಂಡಿಪಲ್ಯ ಇನ್ನೊಮ್ಮೆ ಬಡಿಸಿಕೊಂಡೆ.

ಮಹಾದೇವಮ್ಮನ ಮೈದುನ ಶರಣಪ್ಪ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ. ಅವರ ಕೆಂಪು ನೂಲು ಇಲ್ಲಿನ ಮಗ್ಗಗಳಿಗೂ ಹೋಗುತ್ತದೆ, ಗದ್ವಾಲಕ್ಕೂ ಹೋಗುತ್ತದೆ. ನಾನು ಬರುವ ಹೊತ್ತಿಗೆ ಆ ಶೆಡ್ಡಿಗೆ ಕುತ್ತು ಬಂದಿತ್ತು. ಚರಂಡಿಯ ನೀರು ಬೋರಿಗೆ ಇಳಿಯುತ್ತಿದೆ ಎಂದು ಓಣಿಯವರು ದೂರು ಕೊಟ್ಟಿದ್ದರು. ಬಣ್ಣದ ನೀರು ನಿಲ್ಲಿಸಿ, ಇಲ್ಲವೇ ಶೆಡ್ಡು ಊರಾಚೆ ಒಯ್ಯಿರಿ ಎಂದು ಪುರಸಭೆಯಿಂದ ನೋಟೀಸು ಬಂದಿತ್ತು. ಊರಾಚೆ ಕೊಟ್ಟ ಜಾಗದಲ್ಲಿ ಬಂಡೆಯಿತ್ತು, ನೀರಿರಲಿಲ್ಲ. ನೀರಿಲ್ಲದ ಕಡೆ ಬಣ್ಣ ಹಾಕುವುದಾದರೂ ಹೇಗೆ? ಶೆಡ್ಡು ಹೋದರೆ ಶರಣಪ್ಪನವರ ಕಸುಬೇ ಹೋದಂತೆ. ಹಾಗಾಗಿ ನನ್ನ ಪುಡಿಯ ಡ್ರಮ್ಮು ಇಡಲು ಅವರು ಒಪ್ಪಿದರು. ನಾನು ಉಬ್ಬಿಹೋದೆ.

ಇನ್ನು ಬೋರ್ಡು. ಯೋಜನೆಯ ಹೆಸರಿನ ಫಲಕ ಹಾಕಲೇಬೇಕೆಂಬ ನಿಯಮ. ಪಠ್ಯಪುಸ್ತಕದ ಮಾತನ್ನೇ ಬರೆಸಿ 'ಅಧಿಶೋಷಣ ಘಟಕ' ಎಂದು ತೂಗುಹಾಕಿದೆ. ಶರಣಪ್ಪ ಅಕ್ಷರ ಕೂಡಿಸಿ ಓದಿದರು. ಹುಬ್ಬು ಗಂಟಿಕ್ಕಿದರು.

"ಶೋಷಣಾ ಅಂದ್ರ ಬಡವ್ರನ್ನ ಹಿಂಡೋದಲ್ರಿ ಅಕ್ಕಾರ?"

"ಅದಲ್ಲ, ಅಧಿಶೋಷಣ. ಒಂದರ ಮೈಮೇಲೆ ಇನ್ನೊಂದು ಅಂಟಿಕೊಳ್ಳೋದು."

"ಅದ ಮತ್ತ. ಮೈಮ್ಯಾಲೆ ಅಂಟ್ಕೊಂಡ ಹಿಂಡ್ತಾರಲ್ರಿ."

ತಲೆ ಚಚ್ಚಿಕೊಳ್ಳುವಂತಾಯಿತು. ಬೋರ್ಡು ಇಳಿಸಿ, ಮಗುವಿಗೂ ಅರ್ಥವಾಗಲಿ ಎಂದು ಕನ್ನಡ, ತೆಲುಗು ಎರಡರಲ್ಲೂ ದಪ್ಪಕ್ಷರದಲ್ಲಿ ಬರೆಸಿದೆ: 'ಇಲ್ಲಿ ಬಣ್ಣ ತೆಗೆಯಲಾಗುತ್ತದೆ.' ಶರಣಪ್ಪ ಮಕ್ತಲ್‌ಗೆ ಹೋಗಿದ್ದರು. ಬಂದಾಗ ನೋಡಿ ಖುಷಿಪಡಲಿ ಎಂದು ನಾನೇ ಕುರ್ಚಿ ಹತ್ತಿ ಮೊಳೆ ಹೊಡೆದೆ.

ಅವರಿಗಿಂತ ಮೊದಲು ಬಂದು ನೋಡಿದ್ದು ಗದ್ವಾಲದ ಸಾವುಕಾರರು. ಶರಣಪ್ಪನವರ ನೂಲನ್ನು ಹೆಚ್ಚಾಗಿ ಕೊಳ್ಳುವವರು ಅವರೇ. ಬೋರ್ಡು ಓದಿದರು, ಒಳಗೂ ಬಾರದೆ ಹೊರಟುಹೋದರು. ಸಂಜೆಯೊಳಗೆ ಪೇಟೆಯಲ್ಲೆಲ್ಲ ಒಂದೇ ಮಾತು, ಶರಣಪ್ಪನ ಬಣ್ಣ ಹೋಗುತ್ತದಂತೆ, ಬಾಗಿಲಿಗೇ ಬರೆದು ಹಾಕಿದ್ದಾನಂತೆ. ನೇಕಾರರ ಊರಿನಲ್ಲಿ ಬಣ್ಣ ಹೋಗುತ್ತದೆ ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ ಎಂದು ನನಗೆ ಯಾವ ಪ್ರಯೋಗಾಲಯದಲ್ಲೂ ಹೇಳಿರಲಿಲ್ಲ.

ಶರಣಪ್ಪ ಬೈಯಲಿಲ್ಲ. ಬೋರ್ಡನ್ನು ಕಿತ್ತು ಗೋಡೆಗೆ ಒರಗಿಸಿಟ್ಟರು. "ನೀರ ಬಂದ್ ಮಾಡ್ರಿ ಅಂದ್ರ ನಮ್ಮ ಮರ್ಯಾದಿ ತೆಗದ್ರಿ. ಡ್ರಮ್ಮು ಒಯ್ರಿ ಅಕ್ಕಾರ" ಎಂದರು. ನೀರಿನಲ್ಲಿರುವ ಬಣ್ಣ ಬೇರೆ, ನೂಲಿನಲ್ಲಿರುವ ಬಣ್ಣ ಬೇರೆ ಎಂದು ನಾನು ಗಂಟಲು ಹರಿದುಕೊಂಡೆ. ಯಾರಿಗೆ ಬೇಕಾಗಿತ್ತು?

ಮರುದಿನ ಸಾವುಕಾರರು ಮತ್ತೆ ಬಂದರು, ಕೈಯಲ್ಲಿ ಶರಣಪ್ಪನವರ ನೂಲಿನಿಂದ ನೇಯ್ದ ಕೆಂಪು ಸೀರೆ. "ಮೇಡಂ, ನಿಮ್ಮ ಪುಡಿ ಬಣ್ಣ ತೆಗೀತದಲ್ರಿ? ಇದನ್ನ ಅದರಾಗ ಹಾಕ್ರಿ. ಹೋದ್ರ ಇವನ ನೂಲು ನಮಗ ಬ್ಯಾಡ" ಎಂದರು. ಓಣಿಯವರೆಲ್ಲ ಸೇರಿದರು.

ನೂಲಿಗೆ ಬಿಗಿಯಾಗಿ ಕೂತ ಬಣ್ಣವನ್ನು ಪುಡಿ ಮುಟ್ಟುವುದಿಲ್ಲ. ಸಡಿಲವಾಗಿ ಕೂತಿದ್ದು ನೀರಿಗಿಳಿದರೆ ಹಿಡಿಯುತ್ತದೆ. ಬಿಗಿಯೋ ಸಡಿಲವೋ ಎಂಬುದು ಶರಣಪ್ಪನವರು ಬಣ್ಣಕ್ಕೆ ಹಾಕಿದ ಸೋಡಾ, ಕೊಟ್ಟ ಬಿಸಿ, ಮಾಡಿದ ತೊಳೆತದ ಮೇಲೆ ನಿಂತಿತ್ತು. ಅದನ್ನು ನಾನು ಯಾವತ್ತೂ ಪರೀಕ್ಷಿಸಿರಲಿಲ್ಲ. ಆದರೆ ಬೇಡ ಎನ್ನುವಂತಿರಲಿಲ್ಲ. ಬೇಡ ಎಂದರೆ ಬಣ್ಣ ಹೋಗುತ್ತದೆಂದು ಒಪ್ಪಿಕೊಂಡಂತೆ. ಶರಣಪ್ಪನವರೇ ಸೀರೆ ಬಿಚ್ಚಿ ಡ್ರಮ್ಮಿಗೆ ಇಳಿಬಿಟ್ಟರು.

ಒಂದು ಚಹಾ ಕುಡಿಯುವಷ್ಟು ಹೊತ್ತು ನೆನೆಯಲು ಬಿಟ್ಟೆವು. ಎತ್ತಿದರೆ ಸೀರೆ ಕಪ್ಪಾಗಿತ್ತು. ಶರಣಪ್ಪ ನಿಂತಲ್ಲೇ ಕುಸಿದು ಕೂತರು. ಮಹಾದೇವಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನೇಯ್ಗೆಯ ಎಳೆಯೆಳೆಗೂ ನನ್ನ ದರಿದ್ರ ಪುಡಿ ಕೂತಿತ್ತು, ಅಷ್ಟೆ. ಅಯಸ್ಕಾಂತ ತಂದು ಸೀರೆಯ ಮೇಲೆ ಎಳೆದೆ. ಪುಡಿ ಎದ್ದು ಅದಕ್ಕೆ ಕಚ್ಚಿಕೊಂಡಿತು. ಎಳೆದೆ, ಜಾಲಿಸಿದೆ, ಮತ್ತೆ ಎಳೆದೆ. ಕೆಳಗಿನಿಂದ ಕೆಂಪು ಬಂತು, ಡ್ರಮ್ಮಿಗೆ ಇಳಿದಾಗ ಇದ್ದಂಥದೇ ಕೆಂಪು. ಜರಿಯ ಸಂದಿಯಲ್ಲಿ ಒಂದಿಷ್ಟು ಕಪ್ಪು ಉಳಿದದ್ದಕ್ಕೆ ಬೈಗುಳ ನನ್ನ ಪಾಲಿಗೆ ಬಂತು. ಸಾವುಕಾರರು ಅಂಚನ್ನು ಬೆರಳಲ್ಲಿ ಉಜ್ಜಿ, "ರಂಗು ಪಕ್ಕಾ ಐತಿ" ಎಂದರು. ಶರಣಪ್ಪ ಎದ್ದು ನಿಂತು ಮುಖ ಒರೆಸಿಕೊಂಡರು.

ಡ್ರಮ್ಮು ಉಳಿಯಿತು. ಚರಂಡಿಗೆ ತಿಳಿನೀರು ಬರತೊಡಗಿದ ಮೇಲೆ ಓಣಿಯವರು ತಣ್ಣಗಾದರು, ಶೆಡ್ಡೂ ಉಳಿಯಿತು. ನನ್ನ ತಲೆಬೇನೆ ಮಾತ್ರ ತೀರಲಿಲ್ಲ. ನೀರು ಸಾಫಾಗಿದೆ ಎಂದು ಪಕ್ಕದ ಮನೆಯವರು ಎಮ್ಮೆಗೆ ಕುಡಿಸಲು ಬಕೀಟು ತಂದರು. ಬಣ್ಣ ಹೋಗಿದೆ, ಬಣ್ಣಕ್ಕೆ ಬೆರೆಸಿದ ಉಪ್ಪು ಹೋಗಿಲ್ಲ, ಕುಡಿಸಬೇಡಿ ಎಂದು ಈಗಲೂ ಕೂಗುತ್ತಿರುತ್ತೇನೆ. ಸಾಲದ್ದಕ್ಕೆ ಸಾವುಕಾರರು ತಾವೇ ಹೊಸ ಬೋರ್ಡು ಬರೆಸಿ ನನ್ನ ಡ್ರಮ್ಮಿನ ನೆತ್ತಿಗೇ ಹೊಡೆಸಿದ್ದಾರೆ: 'ಇಲ್ಲಿ ಬಣ್ಣ ಹೋಗುವುದಿಲ್ಲ.' ಮಾರ್ಗದರ್ಶಕರಿಗೆ ಕಳಿಸುವ ಫೋಟೋವನ್ನು ನಾನು ಬೋರ್ಡು ಕಾಣದಂತೆ ಪಕ್ಕದಿಂದ ತೆಗೆಯುತ್ತೇನೆ.

ಕಳೆದ ಸಲ ಮೈಸೂರಿಗೆ ಹೋದಾಗ ಅಮ್ಮನ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದು ನಾರಾಯಣಪೇಟೆ ಸೀರೆ ಬಿಡಿಸಿ ಹಾಸಿ, "ಮೊದಲ ಸಲ ಬೇರೆಯಾಗಿ ಒಗೀರಿ ಅಮ್ಮ, ಇದು ಬಣ್ಣ ಬಿಡುತ್ತೆ" ಎಂದ. ನನಗೆ ಎಲ್ಲಿತ್ತೋ ಸಿಟ್ಟು.

"ಯಾಕ್ರಿ ಹಂಗ ಅಂತೀರಿ? ನಮ್ಮ ರಂಗು ಹೋಗಂಗಿಲ್ರಿ."

ಅಮ್ಮ ನನ್ನನ್ನೇ ನೋಡಿದರು. ಅಂಗಡಿಯವನು ನಗುತ್ತಾ, "ಮೇಡಂ ಯಾವ ಕಡೆಯವರು?" ಎಂದು ಕೇಳಿದ. ಆ ಅಂಗಡಿಯ ಹಿಂದಿನ ಬೀದಿಯಲ್ಲೇ ನಾನು ಹುಟ್ಟಿ ಬೆಳೆದದ್ದು. ಮೊದಲ ಒಗೆತಕ್ಕೆ ಸ್ವಲ್ಪ ಬಣ್ಣ ಹೋಗಿಯೇ ಹೋಗುತ್ತದೆ. ಅದು ನನಗಿಂತ ಚೆನ್ನಾಗಿ ಆ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮತ್ತು ನಾನು ಹೇಳಲಿಲ್ಲ.